ಪ್ರಾಮಾಣಿಕತೆ: ವಿಶ್ವಾಸದ ಒರೆಗಲ್ಲು

(ಕಲಘಟಗಿ ಧರ್ಮಕೇಂದ್ರದ ಶತಮಾನೋತ್ಸವದ ಸಿದ್ಧತೆಗಾಗಿ ಏರ್ಪಟ್ಟ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷಗಳು ತುಂಬುತ್ತಿರುವ ಈ ಶುಭ ಸಂದರ್ಭದಲ್ಲಿ ಮೊಟ್ಟಮೊದಲು ನಮ್ಮಿಂದ ಸಲ್ಲಬೇಕಾದುದು ದೇವರಿಗೆ ಕೃತಜ್ಞತಾಸ್ತುತಿ. ಅರೆಮಲೆನಾಡಿನ ಈ ನೆಲದಲ್ಲಿ, ಬತ್ತದ ಗದ್ದೆಗಳ ನಡುವೆ, ನಮ್ಮ ಹಿರಿಯರು ಹೊತ್ತಿಸಿದ ವಿಶ್ವಾಸದ ಹಣತೆ ಇಂದಿಗೂ ಆರಿಲ್ಲ. ಹಬ್ಬದ ಸಿದ್ಧತೆಗಳು ಭರದಿಂದ ಸಾಗಿವೆ. ದೇವಾಲಯಕ್ಕೆ ಸುಣ್ಣಬಣ್ಣವಾಗುತ್ತಿದೆ, ಗಾಯನವೃಂದದವರು ಅಭ್ಯಾಸ ನಡೆಸಿದ್ದಾರೆ. ಇವೆಲ್ಲವೂ ಆಗತಕ್ಕವೇ. ಆದರೆ ಗೋಡೆಗೆ ಬಣ್ಣ ಬಳಿಯುವ ಈ ದಿನಗಳಲ್ಲಿ ಅಂತರಂಗದ ಗೋಡೆಯನ್ನೊಮ್ಮೆ ಬೆಳಕು ಹಿಡಿದು ನೋಡಿಕೊಳ್ಳುವುದು ಅದಕ್ಕಿಂತ ಅಗತ್ಯವಾದ ಸಿದ್ಧತೆಯಲ್ಲವೇ?

ಜೂಬಿಲಿ ಎಂಬ ಶಬ್ದವನ್ನು ನಾವು ಸಂಭ್ರಮವೆಂಬ ಅರ್ಥದಲ್ಲಿ ಬಳಸುತ್ತೇವೆ. ಪವಿತ್ರ ಗ್ರಂಥದಲ್ಲಿ ಅದರ ಅರ್ಥ ಬೇರೆಯೇ ಇದೆ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಐವತ್ತನೆಯ ವರ್ಷ ಬಂದಾಗ ಇಸ್ರಯೇಲಿನಲ್ಲಿ ಕೊಂಬು ಊದುತ್ತಿದ್ದರು. ಮಾರಿದ ಹೊಲ ಮೂಲದವನಿಗೆ ಮರಳಬೇಕು, ಜೀತಕ್ಕೆ ಬಿದ್ದವನು ತನ್ನ ಮನೆಗೆ ಮರಳಬೇಕು ಎಂಬುದು ನಿಯಮ. ಆ ಕೊಂಬು ಮೊಳಗುತ್ತಿದ್ದುದು ಪಾಪಪರಿಹಾರದ ದಿನದಂದು ಎಂಬುದನ್ನು ನಾವು ಗಮನಿಸಬೇಕು. ಆದ್ದರಿಂದ ಜೂಬಿಲಿಯು ಮರಳಿ ಕೊಡುವ ವರ್ಷ. ಶತಮಾನೋತ್ಸವವೆಂದರೆ ಎರಡು ಜೂಬಿಲಿಗಳು ಕೂಡಿದ ವರ್ಷ. ನಮ್ಮದಲ್ಲದುದು ನಮ್ಮ ಮನೆಯಲ್ಲಿ ಇದೆಯೇ? ಇದ್ದರೆ ಅದನ್ನು ಮರಳಿಸದೆ ನಾವು ಯಾವ ಜೂಬಿಲಿಯನ್ನು ಆಚರಿಸಲಿದ್ದೇವೆ? ಇಂದಿನ ನನ್ನ ಮಾತೆಲ್ಲವೂ ಈ ಒಂದು ಪ್ರಶ್ನೆಯ ಸುತ್ತ ಇದೆ.

ನಮ್ಮ ಭಾಷೆಯಲ್ಲಿ 'ಪ್ರಾಮಾಣಿಕತೆ' ಎಂಬ ಮಾತು 'ಪ್ರಮಾಣ' ಎಂಬುದರಿಂದ ಹುಟ್ಟಿದೆ. ಪ್ರಮಾಣವೆಂದರೆ ಅಳತೆ, ಪ್ರಮಾಣವೆಂದರೆ ಸಾಕ್ಷ್ಯ, ಪ್ರಮಾಣವೆಂದರೆ ಆಣೆ. ಅಳತೆಯಲ್ಲಿ ಸರಿ, ಸಾಕ್ಷ್ಯದಲ್ಲಿ ಸತ್ಯ, ಆಣೆಯಲ್ಲಿ ಸ್ಥಿರ, ಹೀಗೆ ಮೂರರಲ್ಲಿಯೂ ನಿಂತವನೇ ಪ್ರಾಮಾಣಿಕ. ಈ ಮೂರನ್ನೂ ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು, ಅಳತೆ. ಪ್ರವಾದಿ ಆಮೋಸನು ತನ್ನ ಕಾಲದ ವ್ಯಾಪಾರಿಗಳನ್ನು ಕಂಡು ಕಿಡಿಕಾರಿದ್ದು ಏತಕ್ಕೆ? ಅವರು ಹಬ್ಬದ ದಿನಗಳನ್ನು ಆಚರಿಸುತ್ತಿರಲಿಲ್ಲವೆಂದಲ್ಲ. ಹಬ್ಬ ಎಂದು ಮುಗಿದೀತು, ಮತ್ತೆ ಅಂಗಡಿ ಎಂದು ತೆರೆದೇವು ಎಂದು ಕಾಯುತ್ತಿದ್ದರೆಂದು. ಕೊಳಗವನ್ನು ಕಿರಿದುಮಾಡಿ, ತೂಕದ ಕಲ್ಲನ್ನು ಹಿರಿದುಮಾಡಿ, ಕಾಳಿನ ಜೊತೆಗೆ ಹೊಟ್ಟನ್ನೂ ಬಡವನಿಗೆ ಮಾರುತ್ತಿದ್ದರೆಂದು. ನಮ್ಮ ದೇಶದಲ್ಲಿ 1956ರ ಕಾಯದೆಯಿಂದ ಮೆಟ್ರಿಕ್ ಪದ್ಧತಿ ಬಂದು ಸೇರು ಪಾವುಗಳ ಕಾಲ ಮುಗಿಯಿತು. ಈಗ ಕಿಲೋಗ್ರಾಂ ಬಂದಿದೆ, ವಿದ್ಯುತ್ ತಕ್ಕಡಿ ಬಂದಿದೆ. ತಕ್ಕಡಿ ಬದಲಾಯಿತೆಂದು ಅದನ್ನು ಹಿಡಿದ ಕೈ ಬದಲಾದೀತೇ? ಗೋವಿನಜೋಳವನ್ನು ಚೆನ್ನಾಗಿ ಒಣಗಿಸದೆ ಹಸಿಯಾಗಿಯೇ ಚೀಲಕ್ಕೆ ತುಂಬುವ ರೈತನೂ, ಚೀಲಕ್ಕಿಷ್ಟೆಂದು ತೂಕದಲ್ಲಿ ಮುರಿದುಕೊಳ್ಳುವ ವ್ಯಾಪಾರಿಯೂ ಒಬ್ಬರನ್ನೊಬ್ಬರು ದೂರುತ್ತಾರೆ. ಇಬ್ಬರೂ ಭಾನುವಾರ ದೇವರ ಮುಂದೆ ಕೈಜೋಡಿಸುತ್ತಾರೆ.

ನಮ್ಮ ಸೀಮೆಯ ದನದ ಸಂತೆಗಳಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ಹಳೆಯದು. ಬೆಲೆಯನ್ನು ಮೂರನೆಯವನಿಗೆ ಮರೆಮಾಡುವುದು ಪಾಪವಲ್ಲ. ಎತ್ತಿನ ಐಬನ್ನು ಕೊಳ್ಳುವವನಿಗೆ ಮರೆಮಾಡುವುದು ಪಾಪ. ಇದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ವಿಚಾರಿಸಿ, ಹೊರಗೆ ಕಾಣದ ದೋಷದಿಂದ ಕೊಳ್ಳುವವನಿಗೆ ನಷ್ಟವಾಗಲಿ ಅಪಾಯವಾಗಲಿ ಆಗುವಂತಿದ್ದರೆ ಮಾರುವವನು ಅದನ್ನು ತಾನಾಗಿ ತಿಳಿಸಲೇಬೇಕೆಂದು ಬೋಧಿಸಿದರು. ಅವರು ಕೊಟ್ಟ ದೃಷ್ಟಾಂತಗಳು ಕುಂಟ ಕುದುರೆ, ಬೀಳುವ ಸ್ಥಿತಿಯಲ್ಲಿರುವ ಮನೆ ಮತ್ತು ಕೆಟ್ಟ ಆಹಾರ. ನಮ್ಮ ಸಂತೆಗಿಂತ ಅವು ದೂರದವೇ?

ಬೀಳುವ ಮನೆ ಎಂದೊಡನೆ ನಮ್ಮ ಜಿಲ್ಲೆಯವರಿಗೆ ನೆನಪಾಗುವ ದುರಂತವೊಂದಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣದ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಆ ಪ್ರಕರಣದಲ್ಲಿ ಯಾರ ಹೊಣೆ ಎಷ್ಟು ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ಈ ವೇದಿಕೆಯದಲ್ಲ. ಆದರೆ ನಮ್ಮ ನಡುವೆ ಗೌಂಡಿಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ವಿದ್ಯುತ್ ಕೆಲಸದವರಿದ್ದಾರೆ. ಅವರ ಕೆಲಸದ ಬಹುಭಾಗ ಗಿಲಾವಿನ ಒಳಗೆ, ನೆಲದ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ ಉಳಿಯುತ್ತದೆ. ಕಾಣದಲ್ಲಿ ಸರಿಯಾಗಿ ಹಾಕಿದ ಸಿಮೆಂಟೂ ಒಂದು ಪ್ರಾರ್ಥನೆಯೇ. ಅಲ್ಲಿ ಉಳಿಸಿದ ಸಿಮೆಂಟು ಮುಂದೊಂದು ದಿನ ಪರರ ಮಕ್ಕಳ ಮೇಲೆ ಬೀಳುವ ಕಲ್ಲಾದೀತು.

ಅಳತೆಯ ಮಾತಿನಲ್ಲಿಯೇ ಕೂಲಿಯ ಮಾತೂ ಸೇರಿದೆ. ದುಡಿದವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಯನ್ನು ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. ನಾಟಿ ಮಾಡಿದ ಹೆಣ್ಣುಮಗಳು ಮೂರು ಸಲ ನಮ್ಮ ಬಾಗಿಲಿಗೆ ಬಂದು ಬರಿಗೈಯಲ್ಲಿ ಮರಳಿದರೆ, ಆ ಮನೆಯಲ್ಲಿ ಸಂಜೆ ಹೇಳಿದ ಜಪಮಾಲೆಗೆ ಏನು ಬೆಲೆ ಬಂದೀತು?

ಎರಡನೆಯದು, ಸಾಕ್ಷ್ಯ. ನಾವು ಹಾಕುವ ಸಹಿ ಒಂದು ಸಾಕ್ಷ್ಯ. ನಾವು ಒತ್ತುವ ಹೆಬ್ಬೆಟ್ಟು ಒಂದು ಸಾಕ್ಷ್ಯ. ಸ್ಥಿತಿವಂತರಾಗಿದ್ದೂ ಬಡತನದ ಪಡಿತರ ಚೀಟಿ ಇಟ್ಟುಕೊಳ್ಳುವುದು, ಮಳೆಗೆ ಬೀಳದ ಗೋಡೆಯನ್ನು ಬಿತ್ತೆಂದು ಬರೆಯಿಸಿ ಪರಿಹಾರ ಪಡೆಯುವುದು, ದುಡಿಯದ ದಿನಕ್ಕೆ ಹಾಜರಿ ಹಾಕಿಸುವುದು, ಇವೆಲ್ಲವೂ ಸುಳ್ಳುಸಾಕ್ಷಿಯೇ. "ಸರಕಾರದ ಹಣ, ಯಾರ ಗಂಟೇನು ಹೋಯಿತು?" ಎಂಬ ಮಾತು ಕೇಳಿಬರುತ್ತದೆ. ಸರಕಾರಕ್ಕೆ ಬೇರೆ ಗಂಟಿಲ್ಲ. ಗೋಡೆ ನಿಜವಾಗಿ ಬಿದ್ದ ವಿಧವೆಯ ಪಾಲೇ ಅಲ್ಲಿ ಹೋದ ಗಂಟು. ಹತ್ತು ಆಜ್ಞೆಗಳಲ್ಲಿ ಏಳನೆಯದು ಕಳವನ್ನೂ ಎಂಟನೆಯದು ಸುಳ್ಳನ್ನೂ ನಿಷೇಧಿಸುತ್ತವೆ. ಸುಳ್ಳು ಅರ್ಜಿಯೊಂದು ಎರಡನ್ನೂ ಒಂದೇ ಕಾಗದದ ಮೇಲೆ ಮುರಿಯುತ್ತದೆ.

ಧರ್ಮಸಭೆಯ ಇತಿಹಾಸದಲ್ಲಿ ರಕ್ತಸಾಕ್ಷಿ ಎಂಬ ಪದವಿ ಅತ್ಯುನ್ನತವಾದುದು. ಭಾರತದ ಜನಸಾಮಾನ್ಯ ವಿಶ್ವಾಸಿಗಳಲ್ಲಿ ಮೊದಲನೆಯ ರಕ್ತಸಾಕ್ಷಿಯೆಂದು ಸಂತಪದವಿಗೇರಿದ ದೇವಸಹಾಯಂ ಪಿಳ್ಳೆಯವರು ಗುರುಗಳಲ್ಲ, ಸನ್ಯಾಸಿಯೂ ಅಲ್ಲ. ತಿರುವಾಂಕೂರು ಸಂಸ್ಥಾನದ ಸೇವೆಯಲ್ಲಿದ್ದ ಸಂಸಾರಿ. 1745ರಲ್ಲಿ ದೀಕ್ಷಾಸ್ನಾನ ಪಡೆದ ಅವರು ಸೆರೆವಾಸವನ್ನೂ ಹಿಂಸೆಯನ್ನೂ ಸಹಿಸಿ 1752ರಲ್ಲಿ ಪ್ರಾಣವನ್ನೇ ತೆತ್ತರು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ನಮ್ಮಿಂದ ದೇವರು ಪ್ರಾಣ ಕೇಳುತ್ತಿಲ್ಲ. ಅರ್ಜಿಯ ಮೇಲಿನ ಸಾಲೊಂದು ನಿಜವಾಗಿರಲೆಂದು ಕೇಳುತ್ತಿದ್ದಾನೆ. ಅಷ್ಟನ್ನೂ ಕೊಡಲಾರೆವೇ?

ಇಲ್ಲಿ ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ನಾನು ಬಲ್ಲೆ. "ಗುರುಗಳೇ, ನಾವು ನೇರವಾಗಿ ನಡೆದರೂ ಕಚೇರಿಯಲ್ಲಿ ಕೈಬೆಚ್ಚಗೆ ಮಾಡದೆ ಕಾಗದ ಮುಂದೆ ಸಾಗುವುದಿಲ್ಲ. ಆಗ ಏನು ಮಾಡಬೇಕು?" ಪ್ರಶ್ನೆ ನ್ಯಾಯವಾದುದು. ನೀತಿಶಾಸ್ತ್ರವು ಇಲ್ಲಿ ಒಂದು ಭೇದವನ್ನು ಕಾಣಿಸುತ್ತದೆ. ಇನ್ನೊಬ್ಬನ ಪಾಲನ್ನು ಕಸಿಯಲು, ಇಲ್ಲದ ಹಕ್ಕನ್ನು ಗಳಿಸಲು ಲಂಚ ಕೊಡುವವನು ಪಾಪದಲ್ಲಿ ಸಮಪಾಲುದಾರ. ತನ್ನದೇ ನ್ಯಾಯವಾದ ಕೆಲಸಕ್ಕಾಗಿ ಬಲವಂತಕ್ಕೆ ಸಿಕ್ಕಿ ತೆರುವ ಬಡವನು ಹೆಚ್ಚಾಗಿ ಸುಲಿಗೆಗೆ ಒಳಗಾದವನು. ಆತನನ್ನು ನಾನು ಇಲ್ಲಿ ನಿಂತು ಖಂಡಿಸಲಾರೆ. ಆದರೆ ಈ ಭೇದವನ್ನು ನಮ್ಮ ಸೋಮಾರಿತನಕ್ಕೆ ಹೊದಿಕೆ ಮಾಡಿಕೊಳ್ಳಬಾರದು. ಲಂಚಕ್ಕೆ ನಾವು 'ಮಾಮೂಲು' ಎಂದು ಹೆಸರಿಟ್ಟಿದ್ದೇವೆ. ಪಾಪಕ್ಕೆ 'ಎಂದಿನಂತೆ' ಎಂಬ ಹೆಸರು ಬಿದ್ದ ದಿನವೇ ಅಂತಃಸಾಕ್ಷಿ ಮಲಗುತ್ತದೆ.

ದಾರಿಗಳು ಇಲ್ಲದಿಲ್ಲ. ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯದೆಯು ನಿಗದಿಯಾದ ಸೇವೆಗಳಿಗೆ ದಿನಗಳ ಗಡುವನ್ನು ಗೊತ್ತುಪಡಿಸಿದೆ; ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಲೋಕಾಯುಕ್ತ ಸಂಸ್ಥೆ ಇದೆ. ಭ್ರಷ್ಟಾಚಾರ ತಡೆ ಕಾಯದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟವನು ಏಳು ದಿನಗಳೊಳಗೆ ದೂರಿದರೆ ಅವನಿಗೆ ರಕ್ಷಣೆ ಉಂಟು. ಒಬ್ಬನೇ ಹೋದರೆ ಭಯ. ನಾಲ್ವರು ಕೂಡಿ ಹೋದರೆ ಧೈರ್ಯ. ಓದುಬರಹ ಬಲ್ಲ ನಮ್ಮ ಯುವಕ ಯುವತಿಯರು ಬಾರದವರ ಜೊತೆಗೆ ಕಚೇರಿಯವರೆಗೆ ನಡೆದುಹೋದರೆ ಅದೂ ಒಂದು ಪ್ರೇಷಿತಕಾರ್ಯವೇ ಆದೀತು.

ಮೂರನೆಯದು, ಆಣೆ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಆಣೆಗೆ ಒಳಪಟ್ಟವರು. ದೀಕ್ಷಾಸ್ನಾನದ ದಿನ ತಂದೆತಾಯಿಗಳೂ ಜ್ಞಾನ ತಂದೆತಾಯಿಗಳೂ ನಮ್ಮ ಪರವಾಗಿ ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸಿದರು. ಪ್ರತಿ ಪಾಸ್ಖ ಜಾಗರಣೆಯಲ್ಲಿ ಉರಿಯುವ ಮೇಣದಬತ್ತಿ ಹಿಡಿದು ಆ ಪ್ರತಿಜ್ಞೆಯನ್ನು ನಾವೇ ನವೀಕರಿಸುತ್ತೇವೆ. ನಾಡಿಗೆಲ್ಲ ತೊಟ್ಟಿಲುಗಳನ್ನು ಕೊಟ್ಟ ಊರು ನಮ್ಮದು. ಕಲಘಟಗಿಯ ತೊಟ್ಟಿಲಿಗೆ ಇರುವ ಹೆಸರು ಏತರಿಂದ ಬಂದಿತು? ಸಾಗವಾನಿ ಕಟ್ಟಿಗೆಯಿಂದ ಮತ್ತು ಅರಗಿನ ಬಣ್ಣದಿಂದ. ತಿರುಗುವ ಕಟ್ಟಿಗೆಗೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಕಟ್ಟಿಗೆಯನ್ನು ಕಚ್ಚಿಕೊಳ್ಳುತ್ತದೆ. ಮೇಲೆ ಬಳಿದ ಬಣ್ಣವಾಗಿದ್ದರೆ ನಾಲ್ಕು ಮಕ್ಕಳು ತೂಗುವಷ್ಟರಲ್ಲಿ ಸುಲಿದುಹೋಗುತ್ತಿತ್ತು. ನಮ್ಮ ದೀಕ್ಷಾಸ್ನಾನದ ಬಣ್ಣ ಎಂತಹುದು? ಬದುಕಿನ ಉಜ್ಜಾಟದಲ್ಲಿ, ಬಡತನದ ಬಿಸಿಯಲ್ಲಿ, ಆಸೆಯ ಒತ್ತಡದಲ್ಲಿ ಅದು ಇನ್ನಷ್ಟು ಆಳಕ್ಕೆ ಇಳಿಯಬೇಕೇ ಹೊರತು ಸುಲಿದುಹೋಗಬಾರದು. ನಜರೇತಿನ ಬಡಗಿ ಸಂತ ಜೋಸೆಫರ ಮಾತೊಂದೂ ಶುಭಸಂದೇಶದಲ್ಲಿ ದಾಖಲಾಗಿಲ್ಲ. ಅವರ ಕೆಲಸವೇ ಅವರ ಮಾತಾಗಿತ್ತು. ಜಗದ್ಗುರು ಹನ್ನೆರಡನೆಯ ಪಯಸ್ಸರು 1955ರಲ್ಲಿ ಮೇ ಒಂದನೆಯ ತಾರೀಖನ್ನು ಶ್ರಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದ್ದರ ಮರ್ಮವೂ ಇದೇ. ವಿವಾಹದ ವಚನವೂ ಇಂತಹ ಆಣೆಯೇ, ಸಾಲ ಪಡೆಯುವಾಗ ಕೊಟ್ಟ ಮಾತೂ ಆಣೆಯೇ. ಹೌದೆಂದರೆ ಹೌದಾಗಿರಬೇಕು, ಅಲ್ಲವೆಂದರೆ ಅಲ್ಲವಾಗಿರಬೇಕು ಎಂಬುದು ಪ್ರಭು ಯೇಸುವಿನ ಪರ್ವತಪ್ರಸಂಗದ ಬೋಧನೆ.

ಇನ್ನು ಜೂಬಿಲಿಯ ಮೊದಲ ಪ್ರಶ್ನೆಗೆ ಬರುತ್ತೇನೆ. ತಪ್ಪು ಮಾಡಿದವನಿಗೆ ದಾರಿ ಏನು? ಪಾಪನಿವೇದನೆಯ ಸಂಸ್ಕಾರವಿದೆ, ದೇವರ ಕರುಣೆಗೆ ಮಿತಿಯಿಲ್ಲ. ಆದರೆ ಪರರ ಸೊತ್ತನ್ನು ಕುರಿತ ಪಾಪದಲ್ಲಿ ಪಶ್ಚಾತ್ತಾಪದೊಂದಿಗೆ ಮರಳಿಕೊಡುವ ಕರ್ತವ್ಯವೂ ಸೇರಿದೆ ಎಂಬುದು ಧರ್ಮಸಭೆಯ ಸ್ಥಿರವಾದ ಬೋಧನೆ. ಸೊತ್ತಿನವನಿಗೇ ಕೊಡಬೇಕು, ಅವನು ತೀರಿಕೊಂಡಿದ್ದರೆ ಅವನ ವಾರಸುದಾರರಿಗೆ, ಯಾರೆಂದು ತಿಳಿಯುವುದೇ ಅಸಾಧ್ಯವಾದರೆ ಬಡವರಿಗೆ. ಒಮ್ಮೆಗೇ ಕೊಡಲಾಗದಿದ್ದರೆ ಕಂತುಗಳಲ್ಲಿ ಕೊಡಬಹುದು. ಹೆಸರು ಬಯಲಾಗುವ ಭಯವಿದ್ದರೆ ಗುರುಗಳ ಮೂಲಕ ಗುಪ್ತವಾಗಿ ತಲುಪಿಸಬಹುದು. ನಿವೇದನೆಯ ಗುಟ್ಟು ಎಂದೂ ಹೊರಬೀಳದು. ಆದರೆ ಪಕ್ಕದವನ ಬದುವನ್ನು ಒತ್ತಿ ದೇವಾಲಯಕ್ಕೆ ದೊಡ್ಡ ಮೇಣದಬತ್ತಿ ಕೊಟ್ಟರೆ ಲೆಕ್ಕ ತೀರುವುದಿಲ್ಲ. ದೇವರು ಲಂಚಕ್ಕೆ ಒಲಿಯುವವನಲ್ಲ.

ಜೆರಿಕೋ ಪಟ್ಟಣದ ಜಕ್ಕಾಯನನ್ನು ನೆನೆಯಿರಿ. ಪ್ರಭುವು ಅವನಿಗೆ ಮರದಿಂದ ಇಳಿದು ಬಾ ಎಂದರೇ ವಿನಾ ಹಣ ಮರಳಿಸು ಎನ್ನಲಿಲ್ಲ. ಪ್ರಭುವನ್ನು ಮನೆಗೆ ಬರಮಾಡಿಕೊಂಡ ಆನಂದದಲ್ಲಿ ಅವನೇ ಎದ್ದುನಿಂತು, ಅರ್ಧ ಆಸ್ತಿ ಬಡವರಿಗೆ, ವಂಚಿಸಿದವರಿಗೆ ನಾಲ್ಕರಷ್ಟು ಎಂದು ಸಾರಿದನು. ರಕ್ಷಣೆ ಆ ಮನೆಗೆ ಬಂದಿತೆಂದು ಪ್ರಭುವು ನುಡಿದದ್ದು ಆ ಬಳಿಕ. ಪರಮಪ್ರಸಾದದಲ್ಲಿ ಅದೇ ಪ್ರಭುವನ್ನು ವಾರವಾರವೂ ಬರಮಾಡಿಕೊಳ್ಳುವ ನಾವು ಎದ್ದುನಿಂತು ಹೇಳುವ ಮಾತು ಯಾವುದು?

ಈ ನಿಯಮವು ಗುರುಗಳಿಗೂ ಧರ್ಮಕೇಂದ್ರಕ್ಕೂ ಅನ್ವಯಿಸದೆ ಬಿಟ್ಟಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯು ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸಿನ ಸಮಿತಿ ಇರಬೇಕೆಂದೂ, ಒಂದು ಉದ್ದೇಶಕ್ಕಾಗಿ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂದೂ, ವಿಶ್ವಾಸಿಗಳು ಕೊಟ್ಟುದರ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆಂದೂ ವಿಧಿಸಿದೆ. ಆದ್ದರಿಂದ ಶತಮಾನೋತ್ಸವದ ಜಮಾಖರ್ಚು ದೇವಾಲಯದ ಬಾಗಿಲಲ್ಲಿ, ಎಲ್ಲರೂ ಓದುವಂತೆ, ದಪ್ಪ ಅಕ್ಷರಗಳಲ್ಲಿ ತೂಗುಬೀಳಲಿದೆ. ಹತ್ತು ರೂಪಾಯಿ ಕೊಟ್ಟ ಅಜ್ಜಿಗೂ ಅದನ್ನು ಪ್ರಶ್ನಿಸುವ ಹಕ್ಕುಂಟು. ಆಕೆ ಪ್ರಶ್ನಿಸಿದರೆ ಸಮಿತಿಯವರು ಮುನಿಯಬಾರದು.

ಪ್ರಿಯರೇ, 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪವಿತ್ರತೆಯ ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರವಲ್ಲ, ಎಲ್ಲ ವಿಶ್ವಾಸಿಗಳಿಗೂ ಉಂಟೆಂದು ಸಾರಿತು. ನಮ್ಮ ಪಕ್ಕದ ಮನೆಯಲ್ಲಿಯೇ ಸಂತರಿದ್ದಾರು ಎಂಬರ್ಥದಲ್ಲಿ ಜಗದ್ಗುರು ಫ್ರಾನ್ಸಿಸರು 2018ರಲ್ಲಿ ಬರೆದರು. ಈ ತಾಲ್ಲೂಕಿನಲ್ಲಿ ನಾವು ಅಲ್ಪಸಂಖ್ಯಾತರು. ನಮ್ಮ ನೆರೆಯ ಲಿಂಗಾಯತ ಬಂಧುಗಳು ಕಾಯಕವನ್ನೇ ಪೂಜೆಯೆಂದು ಬಗೆಯುವ ಪರಂಪರೆಯವರು. ಮುಸಲ್ಮಾನ ಬಂಧುಗಳಿಗೂ ತೂಕದಲ್ಲಿ ಮೋಸ ಮಾಡುವುದು ನಿಷಿದ್ಧ. ಇವರೆಲ್ಲರೂ ನಮ್ಮ ಶುಭಸಂದೇಶವನ್ನು ಪುಸ್ತಕದಲ್ಲಿ ಓದುವುದು ಅಪರೂಪ. ನಮ್ಮ ತಕ್ಕಡಿಯಲ್ಲಿ, ನಮ್ಮ ಮಾತಿನಲ್ಲಿ, ನಾವು ಕೂಲಿ ಕೊಡುವ ಹೊತ್ತಿನಲ್ಲಿ ಪ್ರತಿದಿನವೂ ಓದುತ್ತಾರೆ.

ಕೊನೆಯದಾಗಿ ಒಂದು ಸಣ್ಣ ಅಭ್ಯಾಸವನ್ನು ನಿಮಗೆ ಸೂಚಿಸುತ್ತೇನೆ. ಹಬ್ಬದ ದಿನದವರೆಗೆ ಪ್ರತಿ ರಾತ್ರಿ, ಮನೆಯ ಪ್ರಾರ್ಥನೆ ಮುಗಿದ ಮೇಲೆ, ಒಂದು ನಿಮಿಷ ಮೌನವಾಗಿದ್ದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇಂದು ನನ್ನ ಅಳತೆ ಸರಿಯಿತ್ತೇ? ನನ್ನ ಸಾಕ್ಷ್ಯ ನಿಜವಿತ್ತೇ? ಕೊಟ್ಟ ಮಾತು ಉಳಿಯಿತೇ? ಉತ್ತರ ಇಲ್ಲವೆಂದಾದರೆ ಎದೆಗುಂದಬೇಡಿರಿ. ಬೆಳಗಾಗುತ್ತಲೇ ಹೋಗಿ ಮರಳಿಸುವುದನ್ನು ಮರಳಿಸಿರಿ. ಹಾಗೆ ಮರಳಿದ ಒಂದು ಚೀಲ ಬತ್ತ, ಒಂದು ದಿನದ ಕೂಲಿ, ಒಂದು ಮೊಳ ಬದು ನಮ್ಮ ಶತಮಾನೋತ್ಸವದ ನಿಜವಾದ ಕಾಣಿಕೆಯಾಗುವುದು.

ದಯಾಮಯನಾದ ದೇವರು, ಮಾತೆ ಮರಿಯಮ್ಮನವರ ಹಾಗೂ ಶ್ರಮಿಕ ಸಂತ ಜೋಸೆಫರ ವಿಜ್ಞಾಪನೆಯ ಮೂಲಕ, ನಿಮ್ಮನ್ನೂ ನಿಮ್ಮ ಮನೆಮಕ್ಕಳನ್ನೂ ನಿಮ್ಮ ಕೈಗಳ ದುಡಿಮೆಯನ್ನೂ ಆಶೀರ್ವದಿಸಲಿ. ಆಮೆನ್.