ಶೂನ್ಯ ಬಿಲ್ಲು ಮತ್ತು ಕದ್ದ ಬೆಳಕು



2023ರಲ್ಲಿ ಗೃಹಜ್ಯೋತಿ ಜಾರಿಯಾದಂದಿನಿಂದ ನಮ್ಮಲ್ಲಿ ಅನೇಕರ ಮನೆಗೆ ಶೂನ್ಯ ಬಿಲ್ಲು ಬರುತ್ತಿದೆ. ಆದರೆ ವಿದ್ಯುತ್ತು ಶೂನ್ಯದಿಂದ ಹುಟ್ಟುವುದಿಲ್ಲ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. 1720 ಮೆಗಾವ್ಯಾಟ್ ಸಾಮರ್ಥ್ಯದ ಆ ಸ್ಥಾವರದ ಬೆಳಕು ರಾಜ್ಯಕ್ಕೆಲ್ಲ, ಹೊಗೆ ಮಾತ್ರ ರಾಯಚೂರಿಗೆ! ನಮ್ಮ ಬಿಲ್ಲನ್ನು ಸರಕಾರವು ತೆರಿಗೆಯ ಹಣದಿಂದ ತುಂಬುತ್ತದೆ. ಸಾಬೂನು ಕೊಳ್ಳುವ ಕೂಲಿಕಾರನೂ ಆ ತೆರಿಗೆ ತೆತ್ತವನೇ.

ಹೀಗಿರುವಾಗ ಮೀಲಾದ್ ಅಲಂಕಾರಕ್ಕೂ ಮದುವೆಯ ಚಪ್ಪರಕ್ಕೂ ಕಂಬದ ತಂತಿಗೆ ಕೊಕ್ಕೆ ಹಾಕುವುದನ್ನು ಏನೆನ್ನಬೇಕು? ಕಳವು ಎನ್ನಲು ನಾಲಿಗೆಯೇಕೆ ತಡವರಿಸುತ್ತದೆ? ಹರಿಯುವ ನದಿಯಲ್ಲಿ ವುಝೂ ಮಾಡುವಾಗಲೂ ದುಂದು ಸಲ್ಲದೆಂದು ಕಲಿಸಿದ ಪ್ರವಾದಿ(ಸ)ಯವರ ಹೆಸರಿನಲ್ಲಿ, ಈ ತುಂಗಭದ್ರೆಯ ದಡದಲ್ಲಿ, ಕದ್ದ ಬೆಳಕೇ? ಮುಂದಿನ ಮೀಲಾದ್‌ಗೆ ಮುನ್ನ ಮಸೀದಿಯ ಸಮಿತಿಯು ತಾತ್ಕಾಲಿಕ ಸಂಪರ್ಕಕ್ಕಾಗಿ ಜೆಸ್ಕಾಂ ಕಚೇರಿಯಲ್ಲಿ ಅರ್ಜಿ ಸಲ್ಲಿಸಲಿ. ಶುಲ್ಕಕ್ಕೆ ಮೊದಲ ನೂರು ರೂಪಾಯಿ ನನ್ನದು.