ಕೇಸ್ ಶೀಟಿನ ಇಂಗ್ಲಿಷು ಮತ್ತು ನಾವು

(ಆರೋಗ್ಯ ವಿಜ್ಞಾನ ಓದುತ್ತಿರುವ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ನಾವು ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಬಿ.ಎ. ಓದಿ ನಾಲ್ಕು ಪದ್ಯ ಬರೆದು ತಿರುಗಾಡುವವರು. ನಮ್ಮನ್ನು ಕರೆದು ನರ್ಸಿಂಗು, ಫಾರ್ಮಸಿ, ಎಂಬಿಬಿಎಸ್ಸು ಓದುವ ನಿಮ್ಮ ಮುಂದೆ ನಿಲ್ಲಿಸಿದ್ದಾರೆ. ಕಾರಣ ಇಷ್ಟೆ: ಎರಡು ವರ್ಷದಿಂದ ನಾವು ಕೆಲವರು ಸೇರಿ ಸಂಜೆ ಹೊತ್ತು ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಇಂಗ್ಲಿಷ್ ಬರೆಯೋದು ಹೇಳಿಕೊಡುತ್ತಿದ್ದೇವೆ. ಮಾತಾಡೋ ಇಂಗ್ಲಿಷಲ್ಲ. ಅದಕ್ಕೆ ಬೀದಿಗೊಂದು ಬೋರ್ಡಿದೆ. ಇದು ಬರೆಯೋ ಇಂಗ್ಲಿಷು. ಕೇಸ್ ಸ್ಟಡಿ, ಪ್ರಾಜೆಕ್ಟು, ಕೊನೇ ವರ್ಷ ತಲೆಯ ಮೇಲೆ ಬಂದು ಕೂರುವ ಆ ಸಂಶೋಧನಾ ವರದಿ. ಎಬಿಸಿಡಿ ದಾಟಿ ಬಂದಿದ್ದರೂ ಒಂದು ಪುಟ ಸ್ವಂತ ಬರೀ ಅಂದರೆ ಕೈ ನಡುಗುವವರಿಗೆ ಈ ಪಾಠ.

ಈ ಕೆಲಸ ಶುರುವಾಗಿದ್ದು ಒಂದು ಹಾಳೆಯಿಂದ. ನರ್ಸಿಂಗ್ ಮೂರನೇ ವರ್ಷದ ಒಬ್ಬಳು ತಂಗಿ ತನ್ನ ಕೇಸ್ ಸ್ಟಡಿ ತಂದು ತೋರಿಸಿದಳು. ಟಿಬಿ ರೋಗಿಯ ಬಗ್ಗೆ ನಾಲ್ಕು ಪುಟ, ಎಲ್ಲಾ ಚಿನ್ನದಂಥ ಇಂಗ್ಲಿಷು. ಅಡ್ಡಲಾಗಿ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ಇದು ಯಾರ ಇಂಗ್ಲಿಷು? ಕ್ಲಾಸಿನಲ್ಲಿ ಎಲ್ಲರೆದುರು ನಿಲ್ಲಿಸಿ ಓದಿಸಿದರಂತೆ. ಹಿಂದಿನ ಬೆಂಚಿನಿಂದ ಯಾರೋ 'ಕೋಟಾ' ಅಂದರಂತೆ. ಮೂರು ದಿನ ಅವಳು ಕಾಲೇಜಿಗೇ ಹೋಗಿರಲಿಲ್ಲ. ಊರಿಗೆ ವಾಪಸು ಹೋಗೋಕೆ ಬ್ಯಾಗು ತುಂಬಿಟ್ಟಿದ್ದಳು.

ಪುಸ್ತಕದಿಂದ ಕಾಪಿ ಹೊಡೆದದ್ದು ತಪ್ಪು. ನಮ್ಮವಳು ಅಂತ ನಾವು ಅದನ್ನು ಮುಚ್ಚಿಡುವುದಿಲ್ಲ. ಆದರೆ ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದವಳನ್ನು ತಂದು ಒಂದೇ ಸಲಕ್ಕೆ ಇಂಗ್ಲಿಷ್ ಸಮುದ್ರಕ್ಕೆ ನೂಕಿ, ದಡದಲ್ಲಿ ಕೂತು ನಗುವುದೂ ತಪ್ಪೇ. ಎಂಬಿಬಿಎಸ್ಸಿಗೆ 2019ರಲ್ಲಿ ಮೊದಲ ತಿಂಗಳು ಫೌಂಡೇಶನ್ ಕೋರ್ಸ್ ಅಂತ ಇಟ್ಟು, ಅದರೊಳಗೆ ಭಾಷೆಯನ್ನೂ ಸೇರಿಸಿದ್ದರು. ಒಳ್ಳೆಯದೇ. ಆದರೆ ಒಂದು ತಿಂಗಳಲ್ಲಿ ಈಜು ಬರುತ್ತದೆಯೆ?

ನಾವು ಅವಳಿಗೆ ಪೆನ್ನು ಕೆಳಗಿಡು ಅಂದೆವು. ಏನು ನೋಡಿದೆ, ಕನ್ನಡದಲ್ಲಿ ಹೇಳು ಅಂದೆವು.

'ಅಣ್ಣ, ಆಯಮ್ಮಂಗೆ ಐವತ್ತರ ಮೇಲಾಗಿತ್ತು. ಮೂರು ವಾರದಿಂದ ಕೆಮ್ಮು. ರಾತ್ರಿ ಬೆವರಂತೆ. ಮುಂಚೆ ಒಂದ್ಸಲ ಮಾತ್ರೆ ಶುರು ಮಾಡಿ ಎರಡು ತಿಂಗ್ಳಿಗೆ ಬಿಟ್ಟಿದ್ರಂತೆ. ಮಾತ್ರೆ ತಗಂಡ್ರೆ ಹೊಟ್ಟೆ ತೊಳಸ್ತಿತ್ತು, ಆಸ್ಪತ್ರೆಗೆ ಬಂದ್ರೆ ಒಂದಿನದ ಕೂಲಿ ಹೋಗ್ತಿತ್ತು ಅಂದ್ರು. ಮನೇಲಿ ಮೊಮ್ಮಗು ಇದೆ, ಅದನ್ನ ಯಾರೂ ಪರೀಕ್ಷೆ ಮಾಡಿಲ್ಲ ಅಣ್ಣ.'

ಹತ್ತು ನಿಮಿಷ ಹೇಳಿದಳು. ಇದರಲ್ಲಿ ಒಂದು ಮಾತೂ ಆ ನಾಲ್ಕು ಪುಟದಲ್ಲಿರಲಿಲ್ಲ. ಅಲ್ಲಿ ಪುಸ್ತಕದ ಟಿಬಿ ಇತ್ತು, ಆಯಮ್ಮ ಇರಲಿಲ್ಲ. ಮೊಮ್ಮಗುವಿಗೆ ರೋಗ ತಗಲಿದೆಯೋ ಇಲ್ಲವೋ ನೋಡಬೇಕು ಅನ್ನುವ ಪ್ರಾಣ ಉಳಿಸುವ ವಾಕ್ಯ ಚಿನ್ನದಂಥ ಇಂಗ್ಲಿಷಿನ ಕೆಳಗೆ ಸತ್ತು ಬಿದ್ದಿತ್ತು.

ಆಮೇಲೆ ವಾಕ್ಯಕ್ಕೊಂದು ವಾಕ್ಯ ಕಟ್ಟತೊಡಗಿದೆವು. ಮೊದಲ ವಾಕ್ಯದಲ್ಲೇ ಮುಗ್ಗರಿಸಿದೆವು. 'ಕಾಫ್ ಸಿನ್ಸ್ ತ್ರೀ ವೀಕ್ಸ್' ಅಂತ ಬರೆದಳು. ಈ ತಪ್ಪು ಎಲ್ಲಿಂದ ಬಂತು? ನಮ್ಮ ಕನ್ನಡದಿಂದಲೇ. 'ಮೂರು ವಾರದಿಂದ' ಅಂತಲೂ ಹೇಳ್ತೀವಿ, 'ಸೋಮವಾರದಿಂದ' ಅಂತಲೂ ಹೇಳ್ತೀವಿ. ನಮಗೆ ಒಂದೇ 'ಇಂದ' ಸಾಕು. ಇಂಗ್ಲಿಷಿಗೆ ಎರಡು ಬೇಕು. ಎಷ್ಟು ಕಾಲ ಅನ್ನೋದಕ್ಕೆ 'ಫಾರ್', ಯಾವಾಗಿನಿಂದ ಅನ್ನೋದಕ್ಕೆ 'ಸಿನ್ಸ್'. ಫಾರ್ ತ್ರೀ ವೀಕ್ಸ್, ಸಿನ್ಸ್ ಮಂಡೇ. ಅಷ್ಟೆ. ಇದು ದಡ್ಡತನವಲ್ಲ. ಒಂದು ಮನೆಯಲ್ಲಿ ಒಂದೇ ಬಾಗಿಲಿತ್ತು, ಇನ್ನೊಂದರಲ್ಲಿ ಎರಡಿವೆ. ದೊಡ್ಡ ದೊಡ್ಡ ಡಾಕ್ಟರುಗಳ ಕೇಸ್ ಶೀಟಿನಲ್ಲೂ 'ಸಿನ್ಸ್ ತ್ರೀ ಡೇಸ್' ಇರುತ್ತದೆ, ನೋಡಿ. ಅವರನ್ನು ಯಾರೂ ಕೋಟಾ ಅನ್ನುವುದಿಲ್ಲ.

ಹಾಗೇನೆ ಕನ್ನಡದಲ್ಲಿ ಜ್ವರ ನಮ್ಮ ಹತ್ತಿರ ಬರುತ್ತದೆ, 'ನನಗೆ ಜ್ವರ ಬಂದಿದೆ'. ಇಂಗ್ಲಿಷಿನಲ್ಲಿ ಮನುಷ್ಯ ಮುಂದೆ ನಿಲ್ಲಬೇಕು, 'ದಿ ಪೇಷಂಟ್ ಹ್ಯಾಡ್ ಫೀವರ್'. ಇನ್ನು 'ಎ', 'ದಿ' ಎಂಬ ಎರಡು ಪಿಶಾಚಿಗಳಿವೆ. ಅವುಗಳ ಕಾಟ ನಮಗೂ ಪೂರ್ತಿ ಬಿಟ್ಟಿಲ್ಲ. ಮೊದಲ ಸಲ ಹೆಸರೆತ್ತುವಾಗ 'ಎ', ಗೊತ್ತಾದ ಮೇಲೆ 'ದಿ' ಅಂತ ಇಟ್ಟುಕೊಂಡು ನಡೆಯಿರಿ, ಉಳಿದದ್ದು ಓದಿ ಓದಿ ಬರುತ್ತದೆ.

ಕನ್ನಡ ನಮ್ಮನ್ನು ಬರೀ ಎಡವಿಸುತ್ತದೆ ಅಂದುಕೊಳ್ಳಬೇಡಿ. ಇಂಗ್ಲಿಷ್ ಮೀಡಿಯಂನವರಿಗೆ ಎಷ್ಟೋ ಸಲ ತಲೆಗೆ ಹತ್ತದ ಒಂದು ವಿದ್ಯೆ ನಮ್ಮ ಅವ್ವಂದಿರ ಬಾಯಲ್ಲೇ ಇದೆ. ಅದು 'ಅಂತೆ'. ನಾನೇ ನೋಡಿದ್ದಾದರೆ 'ಬೆವರಿದಳು'. ಆಕೆ ಹೇಳಿದ್ದಾದರೆ 'ಬೆವರಿದಳಂತೆ'. ನನ್ನ ಊಹೆಯಾದರೆ 'ಬೆವರಿರಬಹುದು'. ಮೂರಕ್ಕೂ ಮೂರು ಬೆಲೆ. ಸಂಶೋಧನೆಯ ಇಂಗ್ಲಿಷು ಕೇಳೋದು ಇದನ್ನೇ. ಥರ್ಮಾಮೀಟರು ತೋರಿಸಿದ್ದಕ್ಕೆ 'ವಾಸ್'. ರೋಗಿ ಹೇಳಿದ್ದಕ್ಕೆ 'ರಿಪೋರ್ಟೆಡ್'. ನಿಮ್ಮ ತರ್ಕಕ್ಕೆ 'ಮೇ', 'ಸಜೆಸ್ಟ್ಸ್'. ಬರೆಯುವ ಮುಂಚೆ ಕನ್ನಡದಲ್ಲಿ ಹೇಳಿ ನೋಡಿ, 'ಅಂತೆ' ಬಂದರೆ 'ರಿಪೋರ್ಟೆಡ್' ಹಾಕಿ. ಈ ಒಂದು ಕೀಲಿಯಿಂದ ನಮ್ಮ ಹುಡುಗರ ಅರ್ಧ ಹೆದರಿಕೆ ಬಿಟ್ಟುಹೋಯಿತು.

ಒಂದು ಎಚ್ಚರಿಕೆ. 'ಅಂತೆ'ಗೆ 'ಕ್ಲೇಮ್ಸ್' ಅಂತ ಬರೀಬೇಡಿ. ಬಡವಿ ನೋವು ಅಂದರೆ 'ಕ್ಲೇಮ್ಸ್', ಕುಡಿಯಲ್ಲ ಅಂದರೆ 'ಡಿನೈಸ್'. ಇದು ಪೊಲೀಸ್ ಸ್ಟೇಷನ್ನಿನ ಭಾಷೆ. ಆಕೆ ಆರೋಪಿಯಲ್ಲ.

ಈ ಆರೋಪಿಯ ಮಾತು ಬಂದದ್ದಕ್ಕೆ ಹೇಳ್ತೀವಿ. ಆ ತಂಗಿಯ ಮೊದಲ ಹಾಳೆಯಲ್ಲಿ ಆಯಮ್ಮನನ್ನು 'ಡಿಫಾಲ್ಟರ್' ಅಂತ ಬರೆದಿತ್ತು. ಹಳೇ ಪುಸ್ತಕದ ಮಾತು. ಸಾಲ ಕಟ್ಟದವನಿಗೆ ಬ್ಯಾಂಕಿನವರು ಅನ್ನುವುದು ಡಿಫಾಲ್ಟರ್ ಅಂತ. ಮಾತ್ರೆ ಬಿಟ್ಟ ರೋಗಿಗೂ ದಶಕಗಟ್ಟಲೆ ಅದನ್ನೇ ಅಂದರು. ಕೆಮ್ಮುವ ಮನುಷ್ಯನನ್ನು 'ಟಿಬಿ ಸಸ್ಪೆಕ್ಟ್' ಅಂದರು, ಶಂಕಿತ, ಕಳ್ಳನ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಟಿಬಿ ವ್ಯಾಖ್ಯೆಗಳನ್ನು ತಿದ್ದಿತು. ಡಿಫಾಲ್ಟ್ ಹೋಗಿ 'ಲಾಸ್ಟ್ ಟು ಫಾಲೋ ಅಪ್' ಬಂತು, ಸಸ್ಪೆಕ್ಟ್ ಹೋಗಿ 'ಪ್ರಿಸಂಪ್ಟಿವ್ ಟಿಬಿ' ಬಂತು. ಬರೀ ಶಬ್ದ ಬದಲಾದರೆ ಏನು ಬಂತು ಅಂತ ಕೇಳಬಹುದು. ಡಿಫಾಲ್ಟರ್ ಅಂದ ಕೂಡಲೆ ಪ್ರಶ್ನೆ ಮುಗಿಯುತ್ತದೆ, ತಪ್ಪು ಅವಳದು. ಲಾಸ್ಟ್ ಟು ಫಾಲೋ ಅಪ್ ಅಂದರೆ ಒಂದು ಪ್ರಶ್ನೆ ಉಳಿಯುತ್ತದೆ: ಅವಳು ಕೈತಪ್ಪಿದ್ದು ಯಾರ ಕೈಯಿಂದ? ಕೂಲಿ, ಹೊಟ್ಟೆ ತೊಳಸುವುದು ಎರಡನ್ನೂ ಆಗ ಬರೆಯಲೇಬೇಕಾಗುತ್ತದೆ. ಹುಟ್ಟಿದಾಗಿನಿಂದ ಬೇರೆಯವರಿಟ್ಟ ಹೆಸರು ಹೊತ್ತು ತಿರುಗಿದ ಜನ ನಾವು. ಕೈಗೆ ಪೆನ್ನು ಬಂದಾಗ ಇನ್ನೊಬ್ಬರಿಗೆ ಅಂಥ ಹೆಸರು ಅಂಟಿಸುತ್ತಿದ್ದೀವಾ ಅಂತ ನೋಡಿಕೊಳ್ಳಬೇಕು.

ವಿಧಾನ ಬರೆಯುವಾಗ ಕರ್ಮಣಿ ಪ್ರಯೋಗ ಬರುತ್ತದೆ. 'ಕಫವನ್ನು ಪರೀಕ್ಷೆಗೆ ಕಳಿಸಲಾಯಿತು.' ಇದು ನಿಮಗೆ ಹೊಸದಲ್ಲ, ಸರ್ಕಾರಿ ನೋಟೀಸು ಓದಿಯೇ ಬೆಳೆದಿದ್ದೀವಿ: ತಿಳಿಸಲಾಗಿದೆ, ಆದೇಶಿಸಲಾಗಿದೆ, ತಿರಸ್ಕರಿಸಲಾಗಿದೆ. ಯಾರು ತಿರಸ್ಕರಿಸಿದರು? ಗೊತ್ತಿಲ್ಲ. ಕಫ ಕಳಿಸಿದವರು ಯಾರಾದರೇನು, ಅಲ್ಲಿ ಅದು ಸರಿ. ಆದರೆ 'ಮಾಹಿತಿ ನೀಡಲಾಗಿರಲಿಲ್ಲ' ಅಂತ ಬರೆಯೋ ಹೊತ್ತಿಗೆ ನಿಲ್ಲಿ. ನೀಡಬೇಕಾದವರು ಯಾರು ಅಂತ ಬರೀರಿ.

ಎರಡನೇ ಮೆಟ್ಟಿಲು ಅಂಕಿ ಅಂಶ. ಇದಕ್ಕೆ ನಾವು ಲಂಡನ್ನಿನ 1854ರ ಕಾಲರಾ ಎತ್ತಿಕೊಳ್ತೀವಿ. ಆಗ ರೋಗ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ದೊಡ್ಡವರೆಲ್ಲ ನಂಬಿದ್ದರು. ಜಾನ್ ಸ್ನೋ ಅನ್ನುವ ಡಾಕ್ಟರು ನೀರು ಅಂದ. ಒಂದೇ ಬೀದಿಯಲ್ಲಿ ಎರಡು ಕಂಪನಿಯ ನೀರಿನ ಪೈಪು ಹೋಗಿತ್ತು. ಸೌತ್‌ವಾರ್ಕ್ ವಾಕ್ಸ್‌ಹಾಲ್ ಕಂಪನಿ ಊರಿನ ಹೊಲಸು ಸೇರಿದ ಥೇಮ್ಸ್ ನೀರನ್ನೇ ಎತ್ತಿ ಕೊಡುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ನೀರೆತ್ತುವ ಜಾಗವನ್ನು ನದಿಯ ಮೇಲುಗಡೆಗೆ ಸಾಗಿಸಿತ್ತು. ಸತ್ತವರ ಮನೆಗೆ ಯಾವ ನೀರು ಬರುತ್ತಿತ್ತು ಅಂತ ಸ್ನೋ ವಿಚಾರಿಸುತ್ತಾ ಹೋದ. ಮೊದಲ ಏಳು ವಾರದ ಲೆಕ್ಕ: ಸೌತ್‌ವಾರ್ಕ್ ನೀರಿನ 40,046 ಮನೆಗಳಲ್ಲಿ 1,263 ಸಾವು. ಲ್ಯಾಂಬೆತ್ ನೀರಿನ 26,107 ಮನೆಗಳಲ್ಲಿ 98.

ಇದನ್ನು ಬೋರ್ಡಿನ ಮೇಲೆ ಬರೆದು, ಒಂದೊಂದು ಇಂಗ್ಲಿಷ್ ವಾಕ್ಯ ಬರೀರಿ ಅಂದೆವು. ಒಬ್ಬ ಬರೆದ, 'ಸೌತ್‌ವಾರ್ಕ್ ವಾಟರ್ ಈಸ್ ವೆರಿ ವೆರಿ ಬ್ಯಾಡ್'. ಎಲ್ಲ ನಕ್ಕರು. ಸಿಟ್ಟು ನಿಜವೇ ಇದೆ, ಸಾಕ್ಷಿ ಇಲ್ಲ. ಇನ್ನೊಬ್ಬ 1,263, 98 ಎರಡನ್ನೇ ಹೋಲಿಸಿದ. ಫಾರ್ಮಸಿಯ ಹುಡುಗಿಯೊಬ್ಬಳು ಎದ್ದು, ಮನೆಗಳ ಸಂಖ್ಯೆಯೇ ಬೇರೆ ಬೇರೆ, ಹಾಗೆ ಹೇಗೆ ಹೋಲಿಸ್ತೀಯಾ ಅಂದಳು. ಸ್ನೋ ಮಾಡಿದ್ದೂ ಅದನ್ನೇ. ಹತ್ತು ಸಾವಿರ ಮನೆಗೆ ಎಷ್ಟು ಸಾವು ಅಂತ ತೆಗೆದ: ಅಲ್ಲಿ 315, ಇಲ್ಲಿ 37. ಆಮೇಲೆ ಎಲ್ಲರೂ ಕೂಡಿ ಎರಡು ವಾಕ್ಯ ಕಟ್ಟಿದೆವು. ಮೊದಲನೆಯದರಲ್ಲಿ ಬರೀ ಅಂಕಿ: ಹತ್ತು ಸಾವಿರ ಮನೆಗಳಿಗೆ ಲೆಕ್ಕ ಹಾಕಿದರೆ ಸಾವು ಅಲ್ಲಿ ಎಂಟು ಪಟ್ಟಿಗೂ ಹೆಚ್ಚು. ಎರಡನೆಯದು 'ದಿಸ್ ಸಜೆಸ್ಟ್ಸ್' ಅಂತ ಶುರು: ನೀರಿನ ಮೂಲ ಕಾರಣವಿರಬಹುದು. ಮೊದಲನೆಯದು ರಿಸಲ್ಟ್ಸ್ ಭಾಗಕ್ಕೆ ಹೋಗುತ್ತದೆ, ಎರಡನೆಯದು ಡಿಸ್ಕಷನ್ನಿಗೆ. 'ವೆರಿ ವೆರಿ' ಬೇಕಾಗಲೇ ಇಲ್ಲ. ನೀರು ಅಂದ ಕೂಡಲೆ ನಮಗೆ 1927ರ ಮಹಾಡ್ ಕೆರೆ ನೆನಪಾಗುತ್ತದೆ. ಅದು ಇನ್ನೊಂದು ದಿನದ ಮಾತು.

ಬಾಬಾಸಾಹೇಬರ ಹೆಸರು ಹೇಗೂ ಬಂತು. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಅವರು 'ಕ್ಯಾಸ್ಟ್ಸ್ ಇನ್ ಇಂಡಿಯಾ' ಪ್ರಬಂಧ ಓದಿದರು. ವಯಸ್ಸು 25. ಮನೆಮಾತು ಮರಾಠಿ. ಆ ಪ್ರಬಂಧವನ್ನು ಇಂಗ್ಲಿಷ್ ಪಾಠದ ಕಣ್ಣಿನಿಂದ ಒಂದ್ಸಲ ಓದಿ. ಮುಂಚಿನವರು, ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್, ಜಾತಿಗೆ ಏನು ವ್ಯಾಖ್ಯೆ ಕೊಟ್ಟರು ಅಂತ ಮೊದಲು ಇಡುತ್ತಾರೆ. ಎಲ್ಲಿ ಸಾಲದು ಅಂತ ತೋರಿಸುತ್ತಾರೆ. ಆಮೇಲೆ ತಮ್ಮ ಮಾತು. ನಿಮ್ಮ ಗೈಡು 'ಲಿಟರೇಚರ್ ರಿವ್ಯೂ' ಅಂತ ಹೆದರಿಸುತ್ತಾರಲ್ಲ, ಅದೇ ಇದು. ಕೊನೆಗೆ, ಇದೇ ಅಂತಿಮ ಅಂತ ನಾನು ಹೇಳುವುದಿಲ್ಲ, ತಪ್ಪೆಂದು ತೋರಿಸಿದರೆ ಬಿಡಲು ಸಿದ್ಧ ಅನ್ನುವ ಅರ್ಥದ ಮಾತೂ ಇದೆ. ಜಾತಿಯ ಪೆಟ್ಟು ತಿಂದವರು ಜಾತಿಯ ಬಗ್ಗೆ ಬರೆಯುವಾಗಲೂ 'ಸಜೆಸ್ಟ್ಸ್' ಬಿಡಲಿಲ್ಲ. ಅದು ಅಂಜಿಕೆ ಅಂತ ನಮಗನ್ನಿಸುವುದಿಲ್ಲ.

ಈಗ ಫೋನ್ ಇದೆಯಲ್ಲ ಅಣ್ಣ, ಅದೇ ಬರ್ಕೊಡುತ್ತೆ ಅಂತ ಕೆಲವರು ಹೇಳ್ತೀರಿ. ನಿಜ, ಬರ್ಕೊಡುತ್ತೆ, 'ದಿ' ಕೂಡ ಸರಿಯಾಗಿ ಹಾಕುತ್ತೆ. ಆದರೆ ಅದು ಆಯಮ್ಮನ ಮಂಚದ ಹತ್ತಿರ ನಿಂತಿರಲಿಲ್ಲ. ಮೊಮ್ಮಗುವಿನ ವಿಷಯ ಅದಕ್ಕೆ ಗೊತ್ತಿಲ್ಲ. ನೀವೇ ಬರೆದದ್ದರಲ್ಲಿ ತಪ್ಪು ಹುಡುಕೋಕೆ ಬೇಕಾದರೆ ಕೇಳಿ, ತಪ್ಪು ಯಾಕಾಯಿತು ಅಂತಲೂ ಕೇಳಿ. ಬರೆಯೋಕೆ ಕೊಟ್ಟರೆ ಮತ್ತೆ ಕೆಂಪು ಶಾಯಿಯ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತೀರಿ.

ಆ ತಂಗಿ ಬ್ಯಾಗು ಬಿಚ್ಚಿದಳು. ಎರಡನೇ ಸಲ ಬರೆದದ್ದು ಒಂದೂವರೆ ಪುಟ. ಮೂರು ಕಡೆ 'ದಿ' ಬಿಟ್ಟಿದ್ದಳು. ಪಾಸ್ ಮಾರ್ಕು ಬಂತು, ಅಷ್ಟೆ. ಆದರೆ ಮೊಮ್ಮಗುವನ್ನು ಪರೀಕ್ಷೆಗೆ ಕರೆಸುವ ಮಾತು ಕೊನೆಯ ಸಾಲಿನಲ್ಲಿತ್ತು. ವಾರ್ಡಿನ ಸಿಸ್ಟರು ಅದನ್ನು ಓದಿ ಫೋನ್ ಮಾಡಿಸಿದರಂತೆ. ಇಲ್ಲಿ 'ಅಂತೆ' ಯಾಕೆ ಹಾಕಿದೆವು ಅಂತ ನಿಮಗೀಗ ಗೊತ್ತು.

ಬರುವ ಭಾನುವಾರ ಸಂಜೆ ಆರಕ್ಕೆ ಪಾಠ. ನೀವು ನೋಡಿದ ಒಬ್ಬ ರೋಗಿಯ ಬಗ್ಗೆ ಕನ್ನಡದಲ್ಲಿ ಐದು ಸಾಲು ಬರ್ಕೊಂಡು ಬನ್ನಿ. ಹೆಸರು, ಊರು, ಬೆಡ್ ನಂಬರು ಬರೀಬೇಡಿ, ಅದು ಅವರ ಗುಟ್ಟು. ಇಂಗ್ಲಿಷು ಇಲ್ಲೇ ಮಾಡೋಣ. ಹಾಳೆ ನಮ್ಮಲ್ಲಿದೆ, ಪೆನ್ನು ತನ್ನಿ.