ಕಾಯಕಕ್ಕೆ ತಕ್ಕ ನೆಲೆ



ಓಣಿಯಲ್ಲಿ ಒಬ್ಬನು ಕಿರಾಣಿ ಅಂಗಡಿಯಿಟ್ಟು ನಾಲ್ಕು ಕಾಸು ಕಂಡನೆಂದರೆ, ಮರುವರ್ಷವೇ ಅದರ ಮಗ್ಗುಲಲ್ಲಿ ಮತ್ತೆ ಮೂರು ಕಿರಾಣಿ ಅಂಗಡಿಗಳು ಏಳುವುವು. ಕಡೆಗೆ ನಾಲ್ಕೂ ಸೊರಗುವುವು. ಅಲ್ಪ ಬಂಡವಾಳದವನು ತನಗೆ ತಕ್ಕ ನೆಲೆಯನ್ನು ಅರಸದೆ ನೆರೆಯವನ ನೆಲೆಯನ್ನೇ ಬಯಸಿದುದರ ಫಲವಿದು. ಹನ್ನೆರಡನೆಯ ಶತಮಾನದಲ್ಲಿ ನುಲಿಯ ಚಂದಯ್ಯನು ಹುಲ್ಲಿನ ಹಗ್ಗವನ್ನು ಹೊಸೆದು, ಮೇದರ ಕೇತಯ್ಯನು ಬಿದಿರ ಬುಟ್ಟಿಯನ್ನು ಹೆಣೆದು ದಾಸೋಹವನ್ನು ನಡೆಯಿಸಿದರು. ಕಾಯಕವು ಕಿರಿದೆಂದು ಹೀನವೆಂದೆಣಿಸಲಿಲ್ಲ.

ಬಾಗಲಕೋಟೆ ಜಿಲ್ಲೆಯ ನೇಕಾರರನ್ನೇ ನೋಡಿರಿ. ಇಳಕಲ್ಲು ಸೀರೆಗೆ ಹೆಸರಾದುದು. ಗುಳೇದಗುಡ್ಡವು ಹೆಸರಾದುದು ಆ ಸೀರೆಯೊಡನೆ ತೊಡುವ ಕುಬಸದ ಖಣಕ್ಕೆ. ತುಂಡು ಬಟ್ಟೆಯೆಂದು ನಗುವವರು ಅದರ ಗಿರಾಕಿಯನ್ನು ಅರಿಯರು. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಗಳಿಗೆ ಉಡಿ ತುಂಬುವಾಗ ಖಣ ಬೇಕು. ಸೀರೆ ಕೊಡಲಾರದ ಬಡವನೂ ಖಣವನ್ನಿತ್ತು ಮಾನ ಉಳಿಸಿಕೊಳ್ಳುವನು. ಸೀಮಂತಕ್ಕಂತೂ ಅಲ್ಲಿ ಕುಬಸವೆಂದೇ ಹೆಸರು! ಹೀಗೆ ಮನೆಮನೆಯ ಮಂಗಲಕಾರ್ಯದೊಡನೆ ಬೇಡಿಕೆಯೂ ಮರಳಿ ಮರಳಿ ಬರುವುದು.

ಆದರೆ ನೆಲೆಯು ದೊರೆಯಿತೆಂದು ಕಣ್ಮುಚ್ಚಿ ಕುಳಿತರಾಗದು. ವಿದ್ಯುನ್ಮಗ್ಗದ ಅಗ್ಗದ ಖಣವು ಅದೇ ಚಿತ್ತಾರವನ್ನು ಹೊತ್ತು ಸಂತೆಗೆ ಬಂದಿತು. ಉಡುಗೆಯ ರೂಢಿಯೂ ಬದಲಾಯಿತು. ಕೈಮಗ್ಗದವರು ಎಷ್ಟೋ ಮಂದಿ ಕಸುಬನ್ನೇ ಬಿಟ್ಟರು. ಉಳಿದವರಲ್ಲಿ ಕೆಲವರ ಖಣವು ಈಗ ಸೀರೆಯಾಗಿ, ಕೈಚೀಲವಾಗಿ ದೂರದ ಪಟ್ಟಣಗಳಿಗೆ ಹೋಗುತ್ತಲಿದೆ. ಅಲ್ಲಿಯ ಗಿರಾಕಿಗೆ ಉಡಿಯ ಅರ್ಥವು ತಿಳಿಯದಿರಬಹುದು. ಕೈನೇಯ್ಗೆಯ ಬೆಲೆಯು ತಿಳಿದಿದೆ, ಅದಕ್ಕೆ ತಕ್ಕ ಹಣವನ್ನೂ ಕೊಡುವನು.